ರಾತ್ರಿ ಪಾಳಿ, ಬಿ.ಕಾಂ. ಎರಡನೇ ವರ್ಷ

ವಾಸ್ಕೋ ಬಂದರಿನ ಹಿಂಬದಿ, ರೈಲು ಹಳಿಯ ಆಚೆ,
ಲಾರಿ ತೂಗುವ ಕಟ್ಟೆಯ ಪಕ್ಕ ನನ್ನದೊಂದು ಗೂಡು.
ಒಂದು ಕಿಟಕಿ, ಒಂದು ಫ್ಯಾನು, ಕೆಂಪು ಅಂಕಿ ಉರಿಯುವ ಯಂತ್ರ,
ಮೇಜಿನ ಖಾನೆಯೊಳಗೆ, ಊಟದ ಡಬ್ಬಿಯ ಕೆಳಗೆ,
ಅಕೌಂಟೆನ್ಸಿ, ಭಾಗ ಎರಡು.

ಅದಿರಿನ ಧೂಳು ಎಲ್ಲಿಲ್ಲ ಹೇಳಿ.
ಪುಟ ಮಗುಚಿದ ಬೆರಳಿನ ಗುರುತು
ಎಪ್ಪತ್ತೆರಡನೇ ಪುಟದ ತನಕ ಕೆಂಪು,
ಅಲ್ಲಿಂದ ಮುಂದೆ ಬಿಳಿ.
ಎಷ್ಟು ಓದಿದೆ ಎಂದು ಯಾರೂ ಕೇಳಬೇಕಿಲ್ಲ.

ಪುಸ್ತಕ ಅಂಚೆಯಲ್ಲಿ ಬರುತ್ತದೆ, ಇಂಗ್ಲಿಷಿನಲ್ಲಿ.
ಒಂದೊಂದು ಪದದ ನೆತ್ತಿಯ ಮೇಲೂ ಪೆನ್ಸಿಲಿನಿಂದ
ಕನ್ನಡ ಕೂರಿಸಿದ್ದೇನೆ, ಬುಟ್ಟಿ ಹೊರಿಸಿದ ಹಾಗೆ.
ಆಸ್ತಿ. ಹೊಣೆ. ಬರಬೇಕಾದ ಬಾಕಿ.
ಡಿಪ್ರಿಸಿಯೇಶನ್ನಿಗೆ ಮೂರು ದಿನ ಏನೂ ಸಿಗಲಿಲ್ಲ.
ಗುಳೇದಗುಡ್ಡದ ಸೋದರತ್ತೆಗೆ ಫೋನ್ ಹಚ್ಚಿ
ಬಳಸಿ ಬಳಸಿ ಬೆಲೆ ಇಳಿಯೂದಕ್ಕ ಏನಂತಾರ ಅಂದೆ.
‘ಸವೀತು ಅಂತಾರವ್ವ, ಮತ್ತೇನಂತಾರ?
ಬೀಸೂ ಕಲ್ಲು ಸವದಂಗ.’
ಬರೆದೆ: ಸವಕಳಿ.

ಮಗಳು ಶಾಂಭವಿ ಹನ್ನೊಂದನೇ ಕ್ಲಾಸು.
ನನ್ನ ಅಸೈನ್‌ಮೆಂಟ್ ನೋಡಿ ಮೊದಲು ನಗುತ್ತಾಳೆ,
ಆಮೇಲೆ ಹಸಿರು ಇಂಕಿನಲ್ಲಿ ತಿದ್ದಿ
ಕೆಳಗೆ ಸಹಿ ಹಾಕುತ್ತಾಳೆ: ‘ಗುಡ್. ಅಕ್ಷರ ದುಂಡಗಿರಲಿ.’
ಅವಳ ಕಾಪಿಗೆ ನಾನು ಹಾಕುತ್ತಿದ್ದ ಮಾತೇ ಅದು.

ಜನವರಿಯ ಒಂದು ರಾತ್ರಿ ಕಣ್ಣು ಕೂತವು.
ಸಾಂತಾನನ ಲಾರಿಯ ಖಾಲಿ ತೂಕ
ಒಂಬತ್ತೂವರೆ ಟನ್ನಿಗೆ ಹತ್ತೂವರೆ ಬರೆದೆ.
ಒಂದು ಟನ್ನು ಅದಿರು ಕಾಗದದ ಮೇಲೇ ಮಾಯ.
ಮ್ಯಾನೇಜರು ಬೈಯಲಿಲ್ಲ, ಬೈದಿದ್ದರೆ ವಾಸಿ.
ಸಂಬಳದಲ್ಲಿ ಒಂಬೈನೂರು ಹಿಡಿದರು.
ಮನೆಗೆ ಬಂದು ಅಭ್ಯಾಸದ ಪಟ್ಟಿಯಲ್ಲಿ ಅದನ್ನೇ ಬರೆದೆ,
ಎಡಕ್ಕೆ ಓದಿನ ಖರ್ಚು, ಬಲಕ್ಕೆ ಸಂಬಳ.
ಎರಡೂ ಬದಿ ತಾಳೆಯಾಯಿತು,
ಆ ವರ್ಷ ಮೊದಲ ಸಲ.

ಅಂದಿನಿಂದ ಸಾಂತಾನ್ ಹಾರ್ನ್ ಹಾಕುವುದಿಲ್ಲ.
ಕಟ್ಟೆ ಹತ್ತುವ ಮುಂಚೆ ಎರಡು ಸಲ ದೀಪ ಮಿಣುಕಿಸಿ
ನಾನು ಸಾಲು ಮುಗಿಸುವ ತನಕ ಕಾಯುತ್ತಾನೆ.
ಹಿಂದಿನ ಲಾರಿಗಳೂ ಅವನಿಂದ ಕಲಿತವು.
ನಡುರಾತ್ರಿ ತಲೆ ಎತ್ತಿದರೆ, ಇಳಿಜಾರಿನ ಉದ್ದಕ್ಕೂ
ಸದ್ದಿಲ್ಲದ ದೀಪಗಳು.

ಬೈಲಹೊಂಗಲದ ಕಡೆಯ ಹೊಸ ಡ್ರೈವರ್ ಒಬ್ಬ ಮಾತ್ರ
ಒತ್ತಿದ್ದೇ ಒತ್ತಿದ ಹಾರ್ನು.
‘ಏನ್ ಓದ್ತೀ ಅಕ್ಕಾ, ಈ ವಯಸ್ಸಿನ್ಯಾಗ?’
ಚೀಟಿ ಹರಿದು ಕೊಟ್ಟೆ. ನಿನ್ನ ಗಾಡಿ ಎಷ್ಟು ಹಳೇದು ಅಂದೆ.
‘ಹದಿನಾಕು ವರ್ಷ.’
ನನ್ನ ಪುಸ್ತಕದ ಲೆಕ್ಕಕ್ಕ ಅದರ ಬೆಲೆ
ನಾಕು ವರ್ಷದ ಹಿಂದನ ಸೊನ್ನಿ ಆಗೇತಿ.
ಓಡತೈತಲ್ಲ?
ತಲೆ ಕೆರೆದುಕೊಂಡ. ಓಡತೈತಿ ಅಂದ.

ಜೂನ್. ಭಾನುವಾರ. ಮೊದಲ ಬಸ್ಸಿಗೆ ಮಡಗಾಂವ್.
ರಾತ್ರಿಯ ಪಾಳಿ ಇನ್ನೂ ರೆಪ್ಪೆಯ ಮೇಲೆ.
ಪರೀಕ್ಷೆ ಯಾವುದೋ ಮಕ್ಕಳ ಶಾಲೆಯಲ್ಲಿ,
ಮೊಣಕಾಲು ಡೆಸ್ಕಿಗೆ ತಾಗುತ್ತದೆ.
ನನ್ನ ಬದಿಗೆ ಒಬ್ಬ ಪೋಸ್ಟ್‌ಮನ್, ಮುಂದೆ ಪೊಲೀಸ್ ಹೆಂಗಸು,
ಕಿಟಕಿಯ ಹತ್ತಿರ ತುಂಬು ಬಸುರಿ ಒಬ್ಬಳು
ಡೆಸ್ಕಿಗೆ ಹೊಟ್ಟೆ ಹಿಡಿಸದೆ ಅಡ್ಡ ಕೂತು ಬರೆಯುತ್ತಿದ್ದಳು.
ಕಾಪಿ ಮಾಡುವ ಧೈರ್ಯ ಯಾರಿಗೂ ಇರಲಿಲ್ಲ,
ಎಲ್ಲರ ಮನೆಯಲ್ಲೂ ಬೈಯುವ ವಯಸ್ಸಿನ ಮಕ್ಕಳು.

ನಾಲ್ಕನೇ ಪ್ರಶ್ನೆ ಯಂತ್ರದ ಸವಕಳಿ.
ಬರೆದೆ. ಐದು, ಬರೆದೆ. ಆರನೆಯದು ಅರ್ಧಕ್ಕೇ ನಿಂತಿತು,
ಮೇಡಂ ಬಂದು ಕೈಯಿಂದ ಎಳೆದುಕೊಂಡರು.
ಎಳೆಯುವಾಗ ನೋಡಿದೆ: ಹಾಳೆಯ ಅಂಚಿಗೆ,
ನನ್ನ ಬೆವರು ತಾಗಿದ ಕಡೆಯೆಲ್ಲ, ತಿಳಿಗೆಂಪು ಗುರುತು.
ಸೋಪು ಹಾಕಿ ಎರಡು ಸಲ ತೊಳೆದೇ ಬಂದಿದ್ದೆ.