ಮೂವತ್ತೊಂದನೆಯ ಮಣಿ

ಡೈನೋಸಾರ್ ತೋರಿಸುತ್ತೇನೆಂದು ಮಗಳಿಗೆ ಮಾತು ಕೊಟ್ಟಿದ್ದೆ.
ಆ ಭಾನುವಾರ ರಿಕ್ಷಾಕ್ಕೆ ಬಾಡಿಗೆಯೂ ಇರಲಿಲ್ಲ.
ಆಯಿಯೂ ಹೊರಟಳು,
ಬುಟ್ಟಿಯಿಲ್ಲದ ಕೈ ಎಲ್ಲಿಡಬೇಕೆಂದು ತಿಳಿಯದೆ
ಸೆರಗಿನೊಳಗೆ ಇಟ್ಟುಕೊಂಡು.

ಕೋಡಿಬಾಗದ ಹಳೇ ಕಟ್ಟಡ. ತಲೆಗೆ ಹತ್ತು ರೂಪಾಯಿ.
ಶೀಶೆಗಳಲ್ಲಿ ಬಿಳಿಚಿಕೊಂಡ ತಾರ್ಲೆ, ಬಂಗಡೆ,
ಸೊಂಟ ಬಗ್ಗಿಸಿ ನಿಂತ ಸಿಗಡಿ.
"ಕೊಳೆಯುವುದಕ್ಕೂ ಬಿಡಲಿಲ್ಲವಲ್ಲ ಇವನ್ನ!"
ಆಯಿ ಮೂಗು ಮುಚ್ಚಿಕೊಂಡೇ
ಒಂದೊಂದಕ್ಕೂ ಮನಸ್ಸಿನಲ್ಲಿ ದರ ಕಟ್ಟುತ್ತಿದ್ದಳು.
ಅವಳ ತುಟಿ ನನಗೆ ಗೊತ್ತು.

ಡೈನೋಸಾರ್ ಇತ್ತು.
ನನ್ನ ರಿಕ್ಷಾದಷ್ಟೇ ಎತ್ತರ, ಪ್ಲಾಸ್ಟರಿನದು,
ಬಾಲ ಮುರಿದಲ್ಲಿ ತಂತಿ ಕಾಣುತ್ತಿತ್ತು.
"ಇದು ನಮ್ಮೂರಲ್ಲಿ ಸಿಕ್ಕಿದ್ದಾ?" ಕೇಳಿದಳು ಪ್ರಣಾಲಿ.
ಕಾವಲಿನ ಗುನಗಿ ಸ್ಟೂಲಿನಿಂದ ಏಳಲಿಲ್ಲ.
"ಇಲ್ಲಿ ಸಿಗೋದಿಲ್ಲ ಮಗಾ, ಎಷ್ಟು ಅಗೆದರೂ ಇಲ್ಲ.
ನಮ್ಮ ಗುಡ್ಡದ ಕಲ್ಲಿಗೆ ಇವಕ್ಕಿಂತ ವಯಸ್ಸು.
ಎಲುಬು ಅಂದರೆ ಎಂತದು ಅಂತ
ಲೋಕಕ್ಕೇ ಗೊತ್ತಿಲ್ಲದಾಗ ಗಟ್ಟಿಯಾಗಿ ಕೂತವು."

ಮಗಳ ಮುಖ ಸಣ್ಣಗಾಯಿತು.
ನನಗೆ ಮಾತ್ರ, ದಿನಾ ಬೆನ್ನು ಒರಗಿಸಿ
ಬೀಡಿ ಹಚ್ಚುವ ಸದಾಶಿವಗಡದ ಬಂಡೆಯ ಮೇಲೆ
ತಡವಾಗಿ ಸ್ವಲ್ಪ ಮರ್ಯಾದೆ ಹುಟ್ಟಿತು.

ಒಳಗಿನ ಕೋಣೆಯಲ್ಲಿ ತಿಮಿಂಗಿಲ.
ಕಬ್ಬಿಣದ ಕಾಲುಗಳ ಮೇಲೆ, ಸೊಂಟದೆತ್ತರಕ್ಕೆ,
ಹಲಗೆ ಹೊಡೆಯುವ ಮೊದಲೇ
ಮಗುಚಿಟ್ಟ ದೋಣಿಯ ಹಾಗೆ.
"ದೇವಮಾಸೊ," ಎಂದಳು ಆಯಿ.
ಚಪ್ಪಲಿ ಬಿಟ್ಟಳು.

ಮಗಳು ತಲೆಯ ಕಡೆಯಿಂದ ಎಣಿಸುತ್ತಾ ಬಂದು
ಮೂವತ್ತೊಂದಕ್ಕೆ ನಿಂತಳು.
"ಅಪ್ಪಾ, ಈ ಮಣಿ ಸುಳ್ಳಿಂದು. ಮರದ್ದು."
ಹೌದು, ಹಲಸಿನ ತುಂಡು.
ಸುಣ್ಣ ಉದುರಿದಲ್ಲಿ ಹಳದಿ.
"ಒಂದು ಕಡಿಮೆ ಬಂದಿತ್ತಂತೆ ಆವಾಗ," ಗುನಗಿ ನಕ್ಕ,
"ನಾಯಿ ಎಳೆಯಿತೋ, ನೀರು ಎಳೆಯಿತೋ."

ಆಯಿ ಬಾಯಿ ಬಿಡಲಿಲ್ಲ.

ನಾಯಿಯಲ್ಲ. ಅಜ್ಜ.
ಅವಳಿಗೆ ಒಂಬತ್ತು ವರ್ಷವಿದ್ದಾಗ ದಡಕ್ಕೆ ಬಿದ್ದದ್ದು.
ಊರಿಗೆ ಊರೇ ಮೂಗಿಗೆ ಬಟ್ಟೆ ಕಟ್ಟಿಕೊಂಡು
ಒಂದು ಮಳೆಗಾಲ ಕಳೆಯಿತು.
ಕಾಲೇಜಿನವರ ಲಾರಿ ಬರುವ ಹಿಂದಿನ ರಾತ್ರಿ
ಅಜ್ಜ ಒಂದು ಮಣಿ ಉರುಳಿಸಿ ತಂದು
ಹಿತ್ತಲ ಬಾಗಿಲಲ್ಲಿ ಇಟ್ಟ.
ಅದರ ಮೇಲೆ ಕೂತು ಅಜ್ಜಿ ಮೀನು ಹೆಚ್ಚಿದ್ದು,
ಆಯಿಗೆ ಹೇನು ತೆಗೆದದ್ದು, ಮದುವೆಗೆ ಹೂ ಮುಡಿಸಿದ್ದು.
ರಜೆಗೆ ಹೋದಾಗ ನಾನೂ ಗಂಜಿ ಉಂಡದ್ದು.
ಬಿಸಿಲಲ್ಲೂ ಅದು ತಣ್ಣಗಿರುತ್ತಿತ್ತು.

ನೌಕಾನೆಲೆಯ ನೋಟೀಸು ಬಂದಾಗ
ಹಂಚು, ಬಾಗಿಲು, ಬಲೆ, ತುಳಸಿಕಟ್ಟೆಯ ಕಲ್ಲು ಕೂಡ
ಟೆಂಪೋ ಹತ್ತಿದವು.
ಮಣಿಗೆ ಜಾಗ ಸಾಲಲಿಲ್ಲ.
"ಇನ್ನೊಂದು ಸುತ್ತಿಗೆ ತರುವಾ," ಎಂದ ಅಜ್ಜ.
ಇನ್ನೊಂದು ಸುತ್ತಿಗೆ ಹೋದಾಗ ಗೇಟು ಇತ್ತು.

ಗೋಡೆಯ ಫಲಕವನ್ನು ಮಗಳು
ಕಾಗುಣಿತ ಕೂಡಿಸಿ ಓದಿದಳು:
ಜಾತಿ. ಉದ್ದ. ದೊರೆತ ಸ್ಥಳ...
ಆ ಹೆಸರು.
ಬಸ್ಸಿನ ಬೋರ್ಡಿನಲ್ಲಿಲ್ಲ, ರೇಷನ್ ಕಾರ್ಡಿನಲ್ಲಿಲ್ಲ,
ಯಾರ ಲಗ್ನಪತ್ರಿಕೆಯಲ್ಲೂ ಈಗ ಅಚ್ಚಾಗುವುದಿಲ್ಲ.
"ಇನ್ನೊಮ್ಮೆ ಓದು," ಎಂದಳು ಆಯಿ.
ಓದಿದಳು.
"ಜೋರಾಗಿ."

ಮುಟ್ಟಬಾರದೆಂದು ಬರೆದಿತ್ತು. ಅವಳಿಗೆ ಓದು ಬಾರದು.
ಮೀನು ಹಸಿಯೋ ಹಳತೋ ನೋಡುವ ಹೆಬ್ಬೆರಳಿನಿಂದ
ಮರದ ಮಣಿಯನ್ನು ಒತ್ತಿದಳು.
"ಅಳತೆ ಸರಿಯಿದೆ," ಎಂದಳು.
ಗುನಗಿ ಅತ್ತ ನೋಡಿದ.

ತೋಡೂರಿನ ಕಾಲೊನಿಗೆ ಮರಳುವಾಗ
ಹೆದ್ದಾರಿಯ ಬದಿಗೆ ಉದ್ದಕ್ಕೂ ಅದೇ ಗೋಡೆ, ಮೇಲೆ ಮುಳ್ಳುತಂತಿ.
ಬಿಣಗಾ ದಾಟಿದ ಮೇಲೆ ಪ್ರಣಾಲಿ ನನ್ನ ಬೆನ್ನಿಗೆ ಆತು ಕೇಳಿದಳು:
"ಹಾಗಾದರೆ ಅಲ್ಲಿ ಅಗೆದರೆ ಸಿಗುತ್ತದೆ, ಅಲ್ಲವಾ?"

ನಾನು ಗೇರು ಬದಲಿಸಿದೆ.
"ಅಗೆಯುವುದೆಂತಕ್ಕೆ," ಎಂದಳು ಆಯಿ, ಗೋಡೆ ನೋಡದೆ,
"ಬಾಗಿಲಲ್ಲೇ ಉಂಟು.
ಮಳೆಗೆ ಮೊದಲು ಯಾರಾದರೂ ಒಮ್ಮೆ ತಿಕ್ಕಿದರೆ ಸಾಕು.
ಪಾಚಿ ಹಿಡಿಯುತ್ತದೆ ಅದಕ್ಕೆ."