ಮೂರು ಕಾಗುಣಿತ

ಟಿಬಿಲಿಸಿಯಿಂದ ಕಾಗದ ಬಂದಿದೆ: ಶುಕ್ರವಾರದೊಳಗೆ
ಪ್ರತಿಯೊಬ್ಬರ ಲೇಖನಗಳ ಪಟ್ಟಿ, ಉಲ್ಲೇಖಗಳ ಎಣಿಕೆ,
ಎಚ್-ಸೂಚ್ಯಂಕ. ಕೊನೆಯ ಕಾಲಂ: ಪ್ರಭಾವ.
ಬೆಟ್ಟದ ಮೇಲೆ ಕಂಪ್ಯೂಟರಿಗೆ ಹೆದರದವನು ನಾನೊಬ್ಬನೇ ಎಂದು
ತ್ಸಿಯಾಲಾ ಚ್ಖೇತಿಯಾ ಅವರ ಹಾಳೆಯೂ ನನ್ನ ತಲೆಗೇ ಬಿತ್ತು.

ಹೆಸರು ಹೊಡೆದೆ. ಯಂತ್ರ ಕೇಳಿತು, ಯಾವ ಚ್ಖೇತಿಯಾ?
ಮಾಸ್ಕೋದ ಪತ್ರಿಕೆ ಅಗಿದು ಉಗುಳಿದ ಒಬ್ಬರಿದ್ದಾರೆ,
ಜರ್ಮನರು ವ್ಯಂಜನದ ಮೇಲೆ ವ್ಯಂಜನ ಪೇರಿಸಿದ ಇನ್ನೊಬ್ಬರು,
ಈಚೆಗೆ, ಇಂಗ್ಲಿಷಿನಲ್ಲಿ, ಒಂದಕ್ಷರ ಉದುರಿಸಿಕೊಂಡು
ಹಗುರಾಗಿ ನಡೆದುಹೋದ ಮತ್ತೊಬ್ಬರು.
ಗುಂಡು ಗುಂಡಾದ ನಮ್ಮ ಲಿಪಿಯಲ್ಲಿ ಬರೆದುಕೊಂಡವರು
ಎಲ್ಲೂ ಇಲ್ಲ.
ಸೂಚ್ಯಂಕ: ನಾಲ್ಕು. ಮೂರು. ಐದು.

ಐದು ಎಂದರೆ ಐದು ಲೇಖನ,
ಒಂದೊಂದನ್ನೂ ಐದು ಸಲವಾದರೂ
ಯಾರೋ ಎಲ್ಲಿಂದಲೋ ಹೆಸರು ಹಿಡಿದು ಕೂಗಿದ್ದಾರೆ.
ಆರನೆಯದನ್ನೂ ಐದೇ ಸಲ ಕೂಗಿದ್ದರೆ
ಅದು ಲೆಕ್ಕಕ್ಕಿಲ್ಲ, ಪಂಕ್ತಿಯಲ್ಲಿ ಎಲೆ ಸಿಗದ ನೆಂಟ.

ಎಲ್ಲಕ್ಕಿಂತ ಹೆಚ್ಚು ಕೂಗಿಸಿಕೊಂಡದ್ದು ಎಪ್ಪತ್ತೊಂಬತ್ತರದು.
ಅದು ತಪ್ಪು.
ಅರವತ್ತೆರಡು ಮಂದಿ ಅದನ್ನು ನೆನೆದದ್ದು
‘ಚ್ಖೇತಿಯಾ ಹೇಳಿದ್ದಕ್ಕೆ ವಿರುದ್ಧವಾಗಿ’ ಎಂದು ಶುರುಮಾಡುವುದಕ್ಕೆ.
ಯಂತ್ರದ ತಕ್ಕಡಿಗೆ ಬೈಗುಳವೂ ಒಂದು, ಹೊಗಳಿಕೆಯೂ ಒಂದು.
ಅವರಿಗೆ ಹೇಳಿದೆ. ಸುತ್ತಿಗೆಯಲ್ಲಿ ಅಕ್ರೋಟು ಒಡೆಯುತ್ತಿದ್ದರು,
ಅದೇ ಕಾಗದದ ಮೇಲೆ, ಸಚಿವಾಲಯದ ಮೊಹರಿನ ಹತ್ತಿರ.
‘ಅರವತ್ತೆರಡು ಮನೆ ನಿಂತಿದೆಯಲ್ಲೋ ನನ್ನ ತಪ್ಪಿನ ಮೇಲೆ,
ಪಾಯ ಗಟ್ಟಿಯೇ ಇದ್ದಿರಬೇಕು.’

ತೊಂಬತ್ತೆರಡರಿಂದ ತೊಂಬತ್ತೈದು: ಬರೀ ಬಿಳಿ.
ನಾನು ಇನ್ನೂ ಶಾಲೆಗೆ ಸೇರಿರಲಿಲ್ಲ. ಬೆಟ್ಟಕ್ಕೆ ಕರೆಂಟಿರಲಿಲ್ಲ.
ಬೆಂಚು ಸೀಳಿ ಒಲೆಗೆ ಹಾಕಿದ್ದರಂತೆ,
ಗುಮ್ಮಟ ತಿರುಗಿಸಲು ಗಂಡ ಒಂದು ಹಗ್ಗ, ಇವರೊಂದು ಹಗ್ಗ.
ಕೋಟಿನೊಳಗೆ, ಎದೆಗೊತ್ತಿ,
ಕೂಸನ್ನು ಒಯ್ದಂತೆ ಒಯ್ದರಂತೆ ಗಾಜಿನ ಪ್ಲೇಟು.
ಆ ಚಳಿಗಾಲ ಒಂದು ನಕ್ಷತ್ರ ಮಂಕಾಯಿತು.
ಹಳೆಯ ಬೀರುವಿನಲ್ಲಿ ಐವತ್ತೊಂಬತ್ತರ ಪ್ಲೇಟು ಹುಡುಕಿ ತೆಗೆದರು:
ಆಗಲೂ ಅದೇ ಮಂಕು. ನಡುವೆ ಮೂವತ್ತನಾಲ್ಕು ವರ್ಷ.
ತೊಂಬತ್ತಾರರಲ್ಲಿ ನಾಲ್ಕು ಪುಟ, ನಮ್ಮದೇ ಬುಲೆಟಿನ್ನಿನಲ್ಲಿ,
ಶಾಯಿ ಹಿಂಬದಿಗೆ ಇಳಿದ ಕಾಗದದಲ್ಲಿ.
ಉಲ್ಲೇಖ: ಸೊನ್ನೆ.
ಇರಲೇಬೇಕು. ಸರಿಯೋ ತಪ್ಪೋ ಎನ್ನಲು
ಆಕಾಶವೇ ಇನ್ನೂ ಬಾಯಿ ಬಿಟ್ಟಿಲ್ಲ.
ಫಾರಮು ಕೇಳುವುದು ಕಳೆದ ಐದು ವರ್ಷ.

‘ಮೂವರನ್ನೂ ಒಂದು ಮಾಡಲೇ?’ ‘ಮಾಡು.’
ಮಾಡಿದೆ. ಸೂಚ್ಯಂಕ ಎಂಟಾಯಿತು,
ಆದರೆ ಹತ್ತೊಂಬತ್ತು ಉಲ್ಲೇಖ ಕಣ್ಣೆದುರೇ ಮಾಯ.
ಜರ್ಮನ್ ಚ್ಖೇತಿಯಾ ರಷ್ಯನ್ ಚ್ಖೇತಿಯಾಳನ್ನು ನೆನೆದಿದ್ದಳು,
ಇಂಗ್ಲಿಷಿನವಳು ಇಬ್ಬರನ್ನೂ.
ಈಗ ಮೂವರೂ ಒಬ್ಬಳೇ ಆದದ್ದರಿಂದ
ಅಷ್ಟು ದಿನದ ಮಾತುಕತೆಯೆಲ್ಲ ಸ್ವಗತ.
ಯಂತ್ರ ಸ್ವಗತವನ್ನು ಎಣಿಸುವುದಿಲ್ಲ.

ಪ್ರಭಾವದ ಕೆಳಗೆ ಎಂಟು ಎಂದು ತುಂಬಿದೆ, ಕಳಿಸಿದೆ.
ಅಕ್ರೋಟಿನ ಚೂರು ಕೀಲಿಮಣೆಯ ಸಂದಿಗೆ ಬಿದ್ದಿತ್ತು,
ಪೆನ್ಸಿಲಿನ ಮೊನೆಯಿಂದ ಎಬ್ಬಿಸುತ್ತಿದ್ದೆ.
ಸೆರಗಿಲ್ಲದ ಅಂಗಿಯ ಕೈಗೇ ಕೈ ಒರೆಸಿಕೊಂಡು
ಅವರು ಕೇಳಿದರು, ನಿನಗೀಗ ವಯಸ್ಸೆಷ್ಟು,
ಇಪ್ಪತ್ತೇಳನೆಯ ಇಸವಿ ನವೆಂಬರಿಗೆ ಎಷ್ಟಾಗುತ್ತದೆ?
ಮೂವತ್ತೊಂಬತ್ತು ಎಂದೆ.
‘ಸಾಕು. ಹಗ್ಗ ಎರಡೂ ಗುಮ್ಮಟದ ಬಾಗಿಲ ಹಿಂದೆ,
ಗೂಟಕ್ಕೆ ಹಾಕಿದ್ದೇನೆ. ಎಡಗಡೆಯದು ಸ್ವಲ್ಪ ಸವೆದಿದೆ.
ಕರೆಂಟು ನಂಬಬೇಡ.’