ಪಡು

ರುವೈಸ್. ಶಟ್‌ಡೌನಿನ ಹನ್ನೊಂದನೇ ರಾತ್ರಿ.
ಟೂಲ್ ರೂಮಿನ ಕಿಂಡಿಯಲ್ಲಿ ನಾನು.
ಹಿತ್ತಾಳೆ ಬಿಲ್ಲೆ ಕೊಟ್ಟವನಿಗೆ ಸ್ಪ್ಯಾನರು,
ಸ್ಪ್ಯಾನರು ತಂದವನಿಗೆ ಬಿಲ್ಲೆ.
ಮೂವತ್ತೆರಡರ ರಿಂಗು ಇನ್ನೂ ವಾಪಸಾಗಿಲ್ಲ.

ಪಾಳಿ ಮುಗಿಸಿದ ಕೊರಿಯನ್ನರು
ಕಿಂಡಿಯೊಳಗೊಂದು ಮಾತು ಎಸೆದು ಹೋಗುತ್ತಾರೆ:
ಸುಗೊ ಹಸೆಯೊ.
ಮೊದಮೊದಲು ಕಿವಿಗೆ ಬಿದ್ದದ್ದು ಬರೀ ಹಸೆ.
ಯಾರ ಮದುವೆಯಪ್ಪ, ಈ ಉಪ್ಪಿನ ಬಯಲಲ್ಲಿ!

ಬಿಡಿಸಿ ಹೇಳಿದವರು ಪ್ಯೋ,
ಪೈಪಿಂಗಿನ ಮುದುಕ,
ಡೊಲ್ಫಿ ಎನ್ನಲು ಬಾರದೆ ದೊಲ್ಪಿ ಎನ್ನುವವರು.
ಸ್ಲಿಪ್ಪಿನ ಬೆನ್ನಿಗೆ ಎರಡು ಚೀನೀ ಅಕ್ಷರ ಗೀಚಿದರು.
ಸು, ತಗೊಳ್ಳೋದು.
ಗೊ, ಕಹಿ. ಹಾಗಲದ್ದೂ ಅದೇ, ಬಾಳಿನದೂ ಅದೇ.
ಬುದ್ಧನ ಕತೆಯ ಹಳೇ ಪುಸ್ತಕದಲ್ಲಿ
ಅದು ಬರೀ ದುಃಖವಾಗಿತ್ತಂತೆ,
ಹುಟ್ಟು ಮುಪ್ಪು ರೋಗ ಸಾವು.
ಆಮೇಲೆ ಬಾಲಕ್ಕೆ ಹದ ಸೇರಿತು. ಹದ ಅಂದರೆ ಮಾಡು.
(ನಮ್ಮಲ್ಲಿ ಅದು ಪಾಕಕ್ಕೆ ಬರಬೇಕಾದದ್ದು.)
ದುಃಖವೂ ಕೆಲಸಕ್ಕೆ ಹೋಗತೊಡಗಿತು.
ಈಗ ಹೊರಟವರು ಉಳಿದವರಿಗೆ ಹೇಳುವುದು:
ಕಷ್ಟಪಡುತ್ತಾ ಇರಿ.

ನಮ್ಮೂರಲ್ಲಿ ಹೀಗಂದರೆ ಶಾಪ, ಎಂದು ನಕ್ಕೆ.

ಮರುದಿನ ನಾನು ಮೊದಲು ಹೊರಟೆ.
ಫ್ಲಾಂಜಿನ ಮುಂದೆ ಕುಕ್ಕರಗಾಲಲ್ಲಿದ್ದ ಪ್ಯೋಗೆ
ನಾನೇ ಅಂದೆ: ಸುಗೊ ಹಸೆಯೊ.
ಎಳೇ ಇಂಜಿನಿಯರ್ ತಾಕ್ ತಡೆದ,
ಹಿರಿಯರಿಗೆ ಹೇಳಬಾರದು,
ಇದು ಮೇಲಿಂದ ಕೆಳಗಿಳಿಯುವ ಮಾತು.
ಪ್ಯೋ ಗ್ಯಾಸ್ಕೆಟ್ಟಿನ ಮೇಲಿಂದ ಕಣ್ಣೆತ್ತಲಿಲ್ಲ.
ನಮ್ಮಪ್ಪ ಸೌದಿಯ ಜೆಟ್ಟಿಗೆ ಕಬ್ಬಿಣ ಕಟ್ಟಿದವನು,
ಅವನಿಗೆ ಮೇಲಿಂದಲೂ ಯಾರೂ ಹೇಳಲಿಲ್ಲ, ಅಂದರು.
ಹೇಳಲಿ ಬಿಡು.

ಬದಲಿಗೆ ನನ್ನದೊಂದು ಕೊಟ್ಟೆ: ಪಡು.
ನೀವು ಕಷ್ಟ ಮಾಡುತ್ತೀರಿ, ನಾವು ಪಡುತ್ತೇವೆ.
ಖುಷಿಯನ್ನೂ ಪಡುತ್ತೇವೆ, ಅದೇ ಗೋಣಿಯಲ್ಲಿ.
ಹೊತ್ತು ಪಡುವ ದಿಕ್ಕು ಪಡುವಣ.
ಮಂಗಳೂರಿನ ದಕ್ಕೆಯಲ್ಲಿ ನಿಂತಾಗ
ಅದು ಇಲ್ಲೇ ಎಲ್ಲೋ ಇತ್ತು.
ಬಂದು ನೋಡಿದರೆ
ಇನ್ನಷ್ಟು ಆಚೆ ಸರಿದಿದೆ, ಫ್ಲೇರಿನ ಬೆಂಕಿಯ ಹಿಂದೆ.

ಪದು, ಅಂದರು ಪ್ಯೋ. ಡ ಬರಲಿಲ್ಲ.
ಇನ್ನೊಮ್ಮೆ ಅಂದರು, ಪದು.
ಗ್ಲೌಸಿನ ಮೇಲೆ ಮಾರ್ಕರಿನಲ್ಲಿ ಬರೆದುಕೊಂಡರು.
ಸಂಜೆಗೆ ಗ್ರೀಸು ನುಂಗಿತ್ತು.

ಅಗೋ ಮೂವತ್ತೆರಡರ ರಿಂಗು.
ಇನ್ನೂ ಬಿಸಿಯಿದೆ. ತಂದವನು ಸಿವಾನಿನ ಹುಡುಗ,
ರೆಪ್ಪೆಯ ಮೇಲೆಲ್ಲ ಬಿಳಿ ಇನ್ಸುಲೇಷನ್ ಧೂಳು.
ಬಿಲ್ಲೆ ಅವನ ಕೈಗಿಟ್ಟೆ.
ಏನಾದರೂ ಹೇಳಬೇಕಿತ್ತು,
ಯಾವ ಭಾಷೆಯದು ಎಂದು ತಡಕುವಷ್ಟರಲ್ಲಿ
ಕ್ಯಾಂಪಿನ ಬಸ್ಸು ಹಾರ್ನು ಹೊಡೆಯಿತು.